ತಾನಾಗಿ ಏಳುವ ಕಂಪ್ಯೂಟರ್: ನಮ್ಮ ಕಚೇರಿಯ ಅನುಭವ



ನಮ್ಮ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೆಳಗಿನ ಮೊದಲ ಬಸ್ಸನ್ನೇ ನಂಬಿದವರು. ಬಸ್ಸು ಒಂಬತ್ತಕ್ಕೆ ಬಂದು, ಪೇಟೆಗೆ ಹೋಗಿ, ಹತ್ತೂಕಾಲಿಗೆ ಮರಳಿ ಇದೇ ದಾರಿಯಲ್ಲಿ ಘಟ್ಟದ ಕಡೆಗೆ ಹೊರಡುತ್ತದೆ. ಅದು ತಪ್ಪಿದರೆ ಮುಂದಿನದು ಮಧ್ಯಾಹ್ನ ಎರಡರ ಮೇಲೆ. ಕೊಯ್ಲಿನ ದಿನಗಳಲ್ಲಿ ಆಳುಗಳನ್ನು ತೋಟದಲ್ಲಿ ಬಿಟ್ಟು ಬಂದ ಸಣ್ಣ ಬೆಳೆಗಾರನಿಗೆ ಅರ್ಧ ದಿನ ಹೋಯಿತೆಂದರೆ ಎಷ್ಟು ನಷ್ಟ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಇರುವ ಕಾಲಾವಕಾಶ ಒಂದೂಕಾಲು ಗಂಟೆ. ಅದರಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷಗಳನ್ನು ಕಚೇರಿಯ ಕಂಪ್ಯೂಟರೇ ನುಂಗಿಹಾಕುತ್ತಿತ್ತು. 2017ರಲ್ಲಿ ಕೊಂಡ ಯಂತ್ರ. ಗುಂಡಿ ಒತ್ತಿದ ಮೇಲೆ ಅದು ಎಚ್ಚರಗೊಂಡು, ರಾತ್ರಿ ಬಾಕಿ ಉಳಿದ ಪರಿಷ್ಕರಣೆಗಳನ್ನು ಮುಗಿಸಿಕೊಂಡು, ಲೆಕ್ಕದ ಪರದೆ ಮುಂದಿಡುವವರೆಗೆ ಬೆಂಚಿನ ಮೇಲೆ ಕುಳಿತ ಸದಸ್ಯರು ಗೋಡೆಯ ಗಡಿಯಾರ ನೋಡುತ್ತಿದ್ದರು. ಗುಮಾಸ್ತೆ ತಪ್ಪಿತಸ್ಥಳಂತೆ ತಲೆ ತಗ್ಗಿಸಿ ಕೂರುತ್ತಿದ್ದಳು. ಹೊಸ ಯಂತ್ರ ಕೊಳ್ಳುವ ಮಾತು ಆಡಳಿತ ಮಂಡಳಿಯ ಮುಂದೆ ಬಂದಾಗ, ಗೊಬ್ಬರದ ದಾಸ್ತಾನಿಗೇ ಹಣ ಸಾಲದ ವರ್ಷದಲ್ಲಿ ಅದು ಬೇಡವೆಂದು ನಾನೇ ಹೇಳಿದೆ.

ಕಾಸಿನ ಖರ್ಚಿಲ್ಲದೆ 2021ರಲ್ಲಿ ನಾವು ಕಂಡುಕೊಂಡ ಪರಿಹಾರ, ಬೆಳಗ್ಗೆ ಎಂಟೂಕಾಲಿಗೆ ಕಂಪ್ಯೂಟರ್ ತಾನಾಗಿಯೇ ಏಳುವಂತೆ ಸಮಯ ಗೊತ್ತುಪಡಿಸಿಡುವುದು. ಅದರಿಂದ ಪಡೆದ ಅನುಕೂಲವನ್ನೂ, ಒಂದು ಬೆಳಗ್ಗೆ ಅದೇ ಏರ್ಪಾಡು ನಮ್ಮನ್ನು ತಲೆತಗ್ಗಿಸುವಂತೆ ಮಾಡಿದ್ದನ್ನೂ ಸದಸ್ಯರ ಮುಂದಿಡುವುದು ಈ ಲೇಖನದ ಉದ್ದೇಶ. ಈಗ ನಮ್ಮಲ್ಲಿ ಅನೇಕರ ಮನೆಗಳಲ್ಲಿ ಮಕ್ಕಳ ಓದಿಗೆಂದೋ, ತೋಟದ ಲೆಕ್ಕಕ್ಕೆಂದೋ, ಕಣದ ಕ್ಯಾಮರಾಕ್ಕೆಂದೋ ಕಂಪ್ಯೂಟರ್ ಬಂದಿರುವುದರಿಂದ ಇದು ಕಚೇರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ.

ಒಳಗಿನ ಪುಟ್ಟ ಗಡಿಯಾರ

ಆರಿಸಿಟ್ಟ ಯಂತ್ರಕ್ಕೆ ಬೆಳಗಾಯಿತೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಸಹಜ. ಕಂಪ್ಯೂಟರಿನ ಒಳಗಿರುವ ಮುಖ್ಯ ಹಲಗೆಯಲ್ಲಿ ಒಂದು ಪುಟ್ಟ ಗಡಿಯಾರ ಇದೆ. ಇಡೀ ಯಂತ್ರ ಆರಿದ್ದರೂ ಅದು ನಿಲ್ಲುವುದಿಲ್ಲ. ಕೈಗಡಿಯಾರದಲ್ಲಿರುವಂತೆಯೇ ಒಂದು ಸ್ಫಟಿಕದ ಚೂರು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ. ಅದೇ ಒಂದು ಸೆಕೆಂಡು. ದಿನಕ್ಕೆ ಒಂದೆರಡು ಸೆಕೆಂಡು ಹೆಚ್ಚುಕಡಿಮೆ ಆಗಬಹುದು, ಅಷ್ಟೆ.

ಈ ಗಡಿಯಾರದಲ್ಲಿ ಅಲಾರಂ ಇಡುವ ಸೌಲಭ್ಯ ಹೊಸದೇನೂ ಅಲ್ಲ. 1984ರಲ್ಲಿ ಐ.ಬಿ.ಎಂ. ಕಂಪನಿ ಹೊರತಂದ ಪಿ.ಸಿ. ಎ.ಟಿ. ಎಂಬ ಯಂತ್ರದಲ್ಲಿಯೇ ಮೊಟೊರೊಲಾದ ಇಂಥ ಗಡಿಯಾರದ ಚಿಪ್ ಇತ್ತು, ಅದರಲ್ಲಿ ಅಲಾರಂ ಕೂಡ ಇತ್ತು. ಆದರೆ ಅಲಾರಂ ಹೊಡೆದರೂ ಸ್ವಿಚ್ಚು ಹಾಕುವ ಕೈ ಇರಲಿಲ್ಲ. ಆ ಕಾಲದ ಯಂತ್ರದ ಸ್ವಿಚ್ಚು ಮನೆಯ ದೀಪದ ಸ್ವಿಚ್ಚಿನಂತೆಯೇ. ಆರಿಸಿದರೆ ಕರೆಂಟು ಪೂರ್ತಿ ಕಡಿದುಹೋಗುತ್ತಿತ್ತು. 1995ರಲ್ಲಿ ಇಂಟೆಲ್ ಕಂಪನಿ ಎ.ಟಿ.ಎಕ್ಸ್. ಎಂಬ ಹೊಸ ವಿನ್ಯಾಸ ತಂದಿತು. ಇದರಲ್ಲಿ ಯಂತ್ರ ಆರಿದಂತೆ ಕಂಡರೂ ಪ್ಲಗ್ಗಿನಲ್ಲಿ ಕರೆಂಟಿರುವವರೆಗೆ ಐದು ವೋಲ್ಟಿನ ಒಂದು ಸಣ್ಣ ಧಾರೆ ಒಳಗೆ ಹರಿಯುತ್ತಲೇ ಇರುತ್ತದೆ. ಗುಂಡಿ ಒತ್ತಿದ್ದಾರೆಯೇ, ಅಲಾರಂ ಹೊಡೆಯಿತೇ ಎಂದು ಕಾದು ಕೂರುವ ಕಾವಲುಗಾರನಿಗೆ ಅದೇ ಆಹಾರ. ಗಡಿಯಾರ ಸಮಯ ಹೇಳುತ್ತದೆ, ಕಾವಲುಗಾರ ಸ್ವಿಚ್ಚು ಹಾಕುತ್ತಾನೆ. ಇಬ್ಬರೂ ಬೇಕು. ಗೋಡೆಯ ಪ್ಲಗ್ಗು ತೆಗೆದರೆ ಎಂಥ ಅಲಾರಮ್ಮಿನಿಂದಲೂ ಯಂತ್ರ ಏಳಲಾರದು ಎಂಬುದನ್ನು ನೆನಪಿಡಿ. ಮುಂದೆ ಈ ಮಾತಿಗೆ ಮತ್ತೆ ಬರುತ್ತೇನೆ.

ಹೊಂದಿಸುವ ಕ್ರಮ

ಕೆಲಸ ಹತ್ತು ನಿಮಿಷದ್ದು. ಯಂತ್ರವನ್ನು ಹಚ್ಚಿದೊಡನೆ, ವಿಂಡೋಸ್ ಕಾಣಿಸಿಕೊಳ್ಳುವ ಮೊದಲೇ, ಒಂದು ಕೀಲಿಯನ್ನು ಮತ್ತೆ ಮತ್ತೆ ಒತ್ತಬೇಕು. ಯಂತ್ರದ ತಯಾರಿಕೆಗೆ ಅನುಗುಣವಾಗಿ ಅದು ಎಫ್2, ಎಫ್10, ಎಫ್1 ಅಥವಾ ಡಿಲೀಟ್ ಕೀಲಿಯಾಗಿರುತ್ತದೆ. ಆಗ ತೆರೆಯುವ ಪುಟಕ್ಕೆ ಬಯಾಸ್ ಅಥವಾ ಸೆಟಪ್ ಎಂದು ಹೆಸರು. ಅಲ್ಲಿ ಪವರ್ ಎಂಬ ತಲೆಬರಹದ ಕೆಳಗೆ ಹುಡುಕಬೇಕು. ಒಂದು ಯಂತ್ರದಲ್ಲಿ ಆಟೋ ಆನ್ ಟೈಮ್ ಎಂದಿದ್ದರೆ, ಇನ್ನೊಂದರಲ್ಲಿ ವೇಕ್ ಅಪ್ ಆನ್ ಅಲಾರಂ, ಮತ್ತೊಂದರಲ್ಲಿ ಪವರ್ ಆನ್ ಬೈ ಆರ್‌ಟಿಸಿ ಎಂದಿರುತ್ತದೆ. ಆರ್‌ಟಿಸಿ ಎಂದರೆ ಮೇಲೆ ಹೇಳಿದ ಪುಟ್ಟ ಗಡಿಯಾರವೇ. ಅದನ್ನು ಚಾಲ್ತಿಗೊಳಿಸಿ, ಸಮಯ ತುಂಬಿ, ಉಳಿಸಿ ಹೊರಬರುವುದು. ಇಷ್ಟೇ.

ಆದರೆ ಈ ಕೆಳಗಿನ ವಿಷಯಗಳಲ್ಲಿ ನಾವು ಎಡವಿದ್ದೇವೆ; ಸದಸ್ಯರು ಎಡವುವುದು ಬೇಡ.

ಒಂದು, ದಿನಗಳ ಆಯ್ಕೆ. ವೀಕ್‌ಡೇಸ್ ಎಂದು ಕೊಟ್ಟರೆ ಯಂತ್ರದ ಲೆಕ್ಕದಲ್ಲಿ ಸೋಮವಾರದಿಂದ ಶುಕ್ರವಾರ ಮಾತ್ರ. ನಮ್ಮಲ್ಲಿ ಶನಿವಾರವೇ ಸಂತೆ, ಶನಿವಾರವೇ ನೂಕುನುಗ್ಗಲು. ಮೊದಲ ಶನಿವಾರ ಯಂತ್ರ ಏಳದಿದ್ದಾಗ ಕೆಟ್ಟಿತೆಂದೇ ಭಾವಿಸಿದ್ದೆವು. ಎವ್ರಿ ಡೇ ಎಂದು ಕೊಡುವುದು ಒಳ್ಳೆಯದು. ಕೆಲವು ಯಂತ್ರಗಳಲ್ಲಿ ತಾರೀಖಿನ ಜಾಗದಲ್ಲಿ ಸೊನ್ನೆ ಇಟ್ಟರೆ ಪ್ರತಿದಿನ ಎಂದರ್ಥ.

ಎರಡು, ಗಂಟೆಯ ಲೆಕ್ಕ. ಅನೇಕ ಯಂತ್ರಗಳಲ್ಲಿ 24 ಗಂಟೆಯ ಲೆಕ್ಕವಿರುತ್ತದೆ. ಸಂಜೆ ಆರಕ್ಕೆ 18 ಎಂದು ಬರೆಯಬೇಕು.

ಮೂರು, ವಿದ್ಯುತ್ ಉಳಿತಾಯದ ಬಿಗಿ. ಇ‌ಆರ್‌ಪಿ ಎಂದೋ ಡೀಪ್ ಸ್ಲೀಪ್ ಎಂದೋ ಒಂದು ಆಯ್ಕೆ ಅದೇ ಪುಟದಲ್ಲಿರುತ್ತದೆ. ಅದು ಚಾಲ್ತಿಯಲ್ಲಿದ್ದರೆ ಕಾವಲುಗಾರನ ಊಟವನ್ನೇ ಕಡಿತಗೊಳಿಸುವುದರಿಂದ ಸಾಮಾನ್ಯವಾಗಿ ಅಲಾರಂ ಕೆಲಸ ಮಾಡುವುದಿಲ್ಲ. ಅದನ್ನು ನಿಲ್ಲಿಸಿಡಬೇಕು.

ನಾಲ್ಕು, ಲಿನಕ್ಸ್ ಬಳಸುವವರಿಗೆ ಮಾತ್ರ ಅನ್ವಯಿಸುವ ಒಂದು ಮಾತು. ವಿಂಡೋಸ್ ಒಳಗಿನ ಗಡಿಯಾರವನ್ನು ನಮ್ಮ ಭಾರತೀಯ ಸಮಯಕ್ಕೇ ಇಡುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಅದನ್ನು ಜಾಗತಿಕ ಸಮಯಕ್ಕೆ ಇಡುತ್ತದೆ. ಅದು ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಗ್ಗೆ ಎಂಟಕ್ಕೆ ಏಳಲೆಂದು 8 ಬರೆದರೆ ಯಂತ್ರ ಮಧ್ಯಾಹ್ನ ಒಂದೂವರೆಗೆ, ಊಟದ ಹೊತ್ತಿಗೆ ಸರಿಯಾಗಿ ಏಳುತ್ತದೆ. ಅಂಥವರು 2-30 ಎಂದು ಬರೆಯಬೇಕು.

ಮಲಗಿದ ಆಳು, ಮನೆಗೆ ಹೋದ ಆಳು

ಕಾಲೇಜಿನಲ್ಲಿ ಓದುವ ಸದಸ್ಯರ ಮಗನೊಬ್ಬ ನನ್ನನ್ನು ಕೇಳಿದ: "ಅಂಕಲ್, ವಿಂಡೋಸ್‌ನಲ್ಲೇ ಟಾಸ್ಕ್ ಶೆಡ್ಯೂಲರ್ ಇದೆಯಲ್ಲ, ಅದರಲ್ಲಿ ಟೈಮ್ ಕೊಟ್ಟರೆ ಸಾಲದೇ? ಬಯಾಸ್‌ಗೆ ಯಾಕೆ ಹೋಗಬೇಕು?" ಒಳ್ಳೆಯ ಪ್ರಶ್ನೆ. ಅದರಲ್ಲಿ ಕೆಲಸಕ್ಕಾಗಿ ಯಂತ್ರವನ್ನು ಎಬ್ಬಿಸು ಎಂಬ ಆಯ್ಕೆ ಇರುವುದು ನಿಜ. ಆದರೆ ಅದು ಯಂತ್ರ ಸ್ಲೀಪ್ ಸ್ಥಿತಿಯಲ್ಲಿದ್ದಾಗ, ಬಹುತೇಕ ಯಂತ್ರಗಳಲ್ಲಿ ಹೈಬರ್ನೇಟ್ ಸ್ಥಿತಿಯಲ್ಲಿದ್ದಾಗ, ಫಲಿಸುವ ಉಪಾಯ. ಪೂರ್ತಿ ಆರಿಸಿದ ಯಂತ್ರಕ್ಕೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ತೋಟದ ಭಾಷೆಯಲ್ಲಿ ಹೇಳುವುದಾದರೆ, ಸ್ಲೀಪ್ ಎಂದರೆ ಊಟ ಮಾಡಿ ಜಗಲಿಯಲ್ಲಿ ಅಡ್ಡಾದ ಆಳು. ಮನೆಯೊಳಗಿಂದ ಒಂದು ಕೂಗು ಹಾಕಿದರೆ ಎದ್ದು ಬರುತ್ತಾನೆ. ಪೂರ್ತಿ ಆರಿಸುವುದೆಂದರೆ ಆಳು ಮನೆಗೆ ಹೋದಂತೆ. ಜಗಲಿಯಲ್ಲಿ ನಿಂತು ಎಷ್ಟು ಕೂಗಿದರೂ ಪ್ರಯೋಜನವಿಲ್ಲ. ಅವನ ಮನೆಗೇ ಹೇಳಿಕಳುಹಿಸಬೇಕು. ಬಯಾಸ್‌ನ ಅಲಾರಂ ಹಾಗೆ ಮನೆಗೆ ಹೇಳಿಕಳುಹಿಸುವ ಏರ್ಪಾಡು. ರಾತ್ರಿ ಆಗಾಗ್ಗೆ ಕರೆಂಟು ಹೋಗುವ ನಮ್ಮ ಕಡೆ ಸ್ಲೀಪ್‌ನಲ್ಲಿಟ್ಟ ಯಂತ್ರ ಬೆಳಗಿನವರೆಗೆ ಹಾಗೆಯೇ ಇರುತ್ತದೆಂಬ ಭರವಸೆಯಿಲ್ಲ. ಸ್ಲೀಪನ್ನೇ ಬಳಸುವವರು ಪವರ್ ಆಪ್ಷನ್ಸ್‌ನಲ್ಲಿ ವೇಕ್ ಟೈಮರ್ಸ್ ಎಂಬುದಕ್ಕೆ ಅನುಮತಿ ಕೊಟ್ಟಿರಬೇಕು ಎಂಬುದನ್ನೂ ಗಮನಿಸಿ.

ಟಾಸ್ಕ್ ಶೆಡ್ಯೂಲರ್ ಬೇರೆ ಎರಡು ಕೆಲಸಗಳಿಗೆ ಬಹಳ ಉಪಯುಕ್ತ. ಬೆಳಗ್ಗೆ ಎದ್ದ ಮೇಲೆ ಬೇಕಾದ ಪರದೆಗಳನ್ನು ತೆರೆದಿಡುವುದು, ಸಂಜೆ ಗೊತ್ತಾದ ಹೊತ್ತಿಗೆ ಯಂತ್ರವನ್ನು ಆರಿಸುವುದು. ಏಳಿಸುವುದು ಬಯಾಸ್, ಮಲಗಿಸುವುದು ವಿಂಡೋಸ್ ಎಂದು ಕೆಲಸ ಹಂಚಿಕೊಟ್ಟರೆ ಗೊಂದಲವಿರುವುದಿಲ್ಲ. ಗುಪ್ತಪದವನ್ನು ಮಾತ್ರ ತೆಗೆದುಹಾಕಬೇಡಿ. ಯಂತ್ರ ಎದ್ದು ಗುಪ್ತಪದ ಕೇಳುತ್ತ ನಿಂತಿರಲಿ. ಯಾರೂ ಇಲ್ಲದ ಕೋಣೆಯಲ್ಲಿ ಸಂಘದ ಲೆಕ್ಕ ಬಾಗಿಲು ತೆರೆದು ಕೂರುವುದು ಸಲ್ಲದು.

ಆಟೋ ಸ್ಟಾರ್ಟರ್‌ನಂಥ ಇನ್ನೊಂದು ಸೌಲಭ್ಯ

ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿಸಿದವರಿಗೆ ಈ ಭಾಗ ಸುಲಭವಾಗಿ ಅರ್ಥವಾಗುತ್ತದೆ. ಕರೆಂಟು ಬಂದ ತಕ್ಷಣ ಕಂಪ್ಯೂಟರ್ ತಾನಾಗಿ ಹತ್ತಿಕೊಳ್ಳುವಂತೆಯೂ ಮಾಡಬಹುದು. ಬಯಾಸ್‌ನ ಅದೇ ಪುಟದಲ್ಲಿ ರಿಸ್ಟೋರ್ ಆನ್ ಎಸಿ ಪವರ್ ಲಾಸ್ ಅಥವಾ ಎಸಿ ರಿಕವರಿ ಎಂಬ ಆಯ್ಕೆ ಇರುತ್ತದೆ. ಅದಕ್ಕೆ ಮೂರು ಉತ್ತರಗಳು: ಕರೆಂಟು ಬಂದರೂ ಆರಿರಲಿ, ಕರೆಂಟು ಬಂದೊಡನೆ ಹತ್ತಲಿ, ಕರೆಂಟು ಹೋಗುವ ಮೊದಲು ಹೇಗಿತ್ತೋ ಹಾಗಿರಲಿ. ಕಣದ ಕ್ಯಾಮರಾಕ್ಕೆ ಜೋಡಿಸಿದ ಕಂಪ್ಯೂಟರಿಗೆ ಎರಡನೆಯದು ಸೂಕ್ತ. ಕಾಫಿ, ಮೆಣಸು ಹರವಿದ ಕಣದಲ್ಲಿ ನಡುರಾತ್ರಿ ಕರೆಂಟು ಹೋಗಿ ಬಂದರೆ, ಬೆಳಗಿನವರೆಗೆ ಕ್ಯಾಮರಾ ಕುರುಡಾಗಿರಬಾರದಷ್ಟೆ.

ಆದರೆ ಆಟೋ ಸ್ಟಾರ್ಟರಿಗೆ ಇರುವ ದೋಷವೇ ಇದಕ್ಕೂ ಇದೆ. ಬಾವಿಯಲ್ಲಿ ನೀರಿಲ್ಲದಿದ್ದರೂ ಮೋಟಾರು ತಿರುಗಿ ಸುಟ್ಟುಹೋಗುವ ಹಾಗೆ, ಕರೆಂಟು ಐದು ನಿಮಿಷಕ್ಕೊಮ್ಮೆ ಬಂದು ಹೋಗುವ ರಾತ್ರಿಯಲ್ಲಿ ಯಂತ್ರ ಏಳುತ್ತ ಬೀಳುತ್ತ ಒಳಗಿನ ಕಡತಗಳನ್ನು ಕೆಡಿಸಿಕೊಳ್ಳಬಹುದು. ನಡುವೆ ಒಳ್ಳೆಯ ಯು.ಪಿ.ಎಸ್. ಇಲ್ಲದವರು ಈ ಆಯ್ಕೆಯನ್ನು ರಾತ್ರಿಯಿಡೀ ಬಿಟ್ಟಿರುವುದು ಬೇಡ.

2023ರ ಏಪ್ರಿಲ್‌ನ ಒಂದು ಬೆಳಗ್ಗೆ

ಎರಡು ವರ್ಷ ಎಲ್ಲವೂ ಸುಗಮವಾಗಿ ನಡೆಯಿತು. ಬಸ್ಸು ಬರುವ ಹೊತ್ತಿಗೆ ಪರದೆ ಬೆಳಗುತ್ತಿತ್ತು. ನನಗೂ ಸ್ವಲ್ಪ ಹೆಮ್ಮೆ ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ. ಆ ಹೆಮ್ಮೆ ಇಳಿದದ್ದು 2023ರ ಏಪ್ರಿಲ್‌ನಲ್ಲಿ.

ಹಿಂದಿನ ರಾತ್ರಿ ಹತ್ತರ ಹೊತ್ತಿಗೆ ಗುಡುಗು ಸಿಡಿಲಿನೊಡನೆ ಮಳೆ ಬಿದ್ದು ಕರೆಂಟು ಹೋಯಿತು. ಕಚೇರಿಯ ಯು.ಪಿ.ಎಸ್. ಸ್ವಲ್ಪ ಹೊತ್ತು ಉಸಿರು ಹಿಡಿದು ನಂತರ ಕೈಚೆಲ್ಲಿತು. ಇಂಟರ್ನೆಟ್ ಪೆಟ್ಟಿಗೆ ಸಿಡಿಲಿಗೆ ಸತ್ತಿತ್ತು. ಮರುದಿನ ಬೆಳಗ್ಗೆ ಎಂಟರ ಸುಮಾರಿಗೆ ಕರೆಂಟು ಬಂತು. ಎಂಟೂಕಾಲಿಗೆ ಯಂತ್ರ ಏಳಲಿಲ್ಲ. ಒಂಬತ್ತಕ್ಕೆ ಗುಮಾಸ್ತೆ ಬಂದು ನೋಡಿದಾಗ ಪರದೆ ಕತ್ತಲು. ಹೊರಗೆ ಬಸ್ಸಿನಿಂದ ಇಳಿದವರ ಸಾಲು. ಅವಳು ಅವಸರದಲ್ಲಿ ಗುಂಡಿ ಒತ್ತಿದಳು. ಕಪ್ಪು ಪರದೆಯ ಮೇಲೆ ತಾರೀಖು ಮತ್ತು ಸಮಯ ಹೊಂದಿಸಿಲ್ಲ, ಮುಂದುವರಿಯಲು ಎಫ್1 ಒತ್ತಿ ಎಂಬರ್ಥದ ಒಂದು ಇಂಗ್ಲಿಷ್ ಸಾಲು ಬಂತು. ಅವಳು ಒತ್ತಿದಳು, ಕೆಲಸ ಶುರುಮಾಡಿದಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಅಂದು ಘಟ್ಟದ ಅಂಚಿನ ಹಳ್ಳಿಯಿಂದ ಬಂದಿದ್ದ ಹಿರಿಯ ಸದಸ್ಯರೊಬ್ಬರ ಬೆಳೆಸಾಲಕ್ಕೆ ಅದೇ ಕೊನೆಯ ದಿನ. ಸಕಾಲದಲ್ಲಿ ಕಟ್ಟಿದವರಿಗೆ ಮಾತ್ರ ಬಡ್ಡಿಯ ರಿಯಾಯಿತಿ. ಗಡುವು ಮೀರಿದರೆ ಬಡ್ಡಿ ತಲೆಯ ಮೇಲೆ. ಅಡಿಕೆ ಮಾರಿದ ಹಣವನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಹಣ ಎಣಿಸಿ ಕೊಟ್ಟು, ರಸೀದಿ ತೆಗೆದುಕೊಂಡು, ಬಾಗಿಲ ಬೆಳಕಿಗೆ ಹೋಗಿ, ಕನ್ನಡಕ ಏರಿಸಿ ಓದಿದರು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಸೆಕ್ರೆಟ್ರಿಗಳೇ, ನಾನು ಈ ಸಾಲ ತಗೊಂಡಿದ್ದು ಹೋದ ವರ್ಷ. ನಿಮ್ಮ ಮಿಷನ್ನು ನೋಡಿದ್ರೆ ಐದು ವರ್ಷ ಮುಂಚೆನೇ ತೀರಿಸಿಬಿಟ್ಟಿದ್ದೀನಿ ಅಂತಿದೆ."

ರಸೀದಿಯ ಮೇಲೆ ತಾರೀಖು 1-1-2017 ಎಂದು ಅಚ್ಚಾಗಿತ್ತು.

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಆಗ ನಾವು ಬಳಸುತ್ತಿದ್ದ ಲೆಕ್ಕದ ತಂತ್ರಾಂಶ ಯಂತ್ರದ ತಾರೀಖನ್ನೇ ಪ್ರಮಾಣವೆಂದು ನಂಬುವಂಥದ್ದು. ಆ ಹೊತ್ತಿಗಾಗಲೇ ಆರು ಜನರ ರಸೀದಿ ಹಾಗೆಯೇ ಹೋಗಿತ್ತು. ಇಂಟರ್ನೆಟ್ ಇದ್ದಿದ್ದರೆ ತಪ್ಪು ತಾರೀಖಿನ ಯಂತ್ರಕ್ಕೆ ಜಾಲತಾಣಗಳು ತೆರೆಯದೆ ಆಗಲೇ ಎಚ್ಚರವಾಗುತ್ತಿತ್ತು. ಅಂದು ಅದೂ ಇರಲಿಲ್ಲ. ಅವರು ಓದದೆ ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದ್ದರೆ, ಗಡುವಿನೊಳಗೆ ಹಣ ಕಟ್ಟಿದ್ದೇನೆಂದು ಆಮೇಲೆ ತೋರಿಸಲು ಅವರ ಕೈಯಲ್ಲಿ ಇರುತ್ತಿದ್ದದ್ದು ಯಾವ ಲೆಕ್ಕಕ್ಕೂ ಬಾರದ ಒಂದು ಕಾಗದ.

ಕೂಡಲೇ ಕೌಂಟರ್ ನಿಲ್ಲಿಸಿ, ಹಳೆಯ ರಸೀದಿ ಪುಸ್ತಕ ತೆಗೆದು, ಕೈಬರಹದಲ್ಲಿ ರಸೀದಿ ಬರೆದು ಮೊಹರು ಹಾಕಿದೆ. ಯಂತ್ರದ ತಾರೀಖು ಸರಿಪಡಿಸಿ, ಆರೂ ನಮೂದುಗಳನ್ನು ರದ್ದುಮಾಡಿ ಹೊಸದಾಗಿ ದಾಖಲಿಸಿದೆವು. ಉಳಿದವರಿಗೆ ಫೋನ್ ಮಾಡಿ ವಾಪಸು ಕರೆಸಿದೆವು. ಅಷ್ಟರಲ್ಲಿ ಹತ್ತೂಕಾಲಿನ ಬಸ್ಸು ಹೋಗಿತ್ತು. ಹಿರಿಯರನ್ನು ನನ್ನ ಜೀಪಿನಲ್ಲಿಯೇ ಮನೆಗೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ಅವರು ಹೂಮಳೆಯ ವಿಷಯ ಮಾತಾಡಿದರೇ ಹೊರತು ರಸೀದಿಯ ಮಾತೆತ್ತಲಿಲ್ಲ. ಅದು ಅವರ ದೊಡ್ಡತನ.

ಫುಟ್‌ವಾಲ್ವಿನ ಪಾಠ

ಆಗಿದ್ದೇನು? ಒಳಗಿನ ಗಡಿಯಾರಕ್ಕೆ ಆಧಾರವಾಗಿ ಹಲಗೆಯ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಪ್ಲಗ್ಗಿನಲ್ಲಿ ಕರೆಂಟಿರುವಾಗ ಗಡಿಯಾರ ಆ ಕರೆಂಟಿನಿಂದಲೇ ನಡೆಯುತ್ತದೆ. ಕರೆಂಟು ಕಡಿದಾಗ ಮಾತ್ರ ಸೆಲ್ ಕೈಹಿಡಿಯಬೇಕು. ನಮ್ಮ ಸೆಲ್ ಎಂದೋ ಸತ್ತಿತ್ತು. ಯು.ಪಿ.ಎಸ್. ಇದ್ದುದರಿಂದ ನಮಗೆ ಗೊತ್ತಾಗಿರಲಿಲ್ಲ. ಅಂದು ಯು.ಪಿ.ಎಸ್. ಕೂಡ ಮುಗಿದಾಗ ಗಡಿಯಾರ ನಿಂತಿತು. ಬೆಳಗ್ಗೆ ಎಂಟಕ್ಕೆ ಕರೆಂಟು ಬಂದಾಗ ಅದು ತನ್ನ ಹುಟ್ಟಿನ ತಾರೀಖಿಗೆ, 2017ರ ಜನವರಿ ಒಂದರ ನಡುರಾತ್ರಿಗೆ ಹೋಗಿ ಅಲ್ಲಿಂದ ಎಣಿಸತೊಡಗಿತು. ಎಂಟೂಕಾಲಾಗಲು ಇನ್ನೂ ಎಂಟೂಕಾಲು ಗಂಟೆ ಇದೆಯೆಂದು ಯಂತ್ರ ನೆಮ್ಮದಿಯಾಗಿ ಮಲಗಿತ್ತು. ಅದರ ಲೆಕ್ಕದಲ್ಲಿ ಅದು ಸರಿಯೇ.

ನೀರೆತ್ತುವವರಿಗೆ ಇದು ಹೊಸ ವಿಷಯವಲ್ಲ. ಪಂಪಿನ ಫುಟ್‌ವಾಲ್ವ್ ಸೋರುತ್ತಿದ್ದರೂ ಪಂಪು ಓಡುತ್ತಿರುವಷ್ಟು ಹೊತ್ತು ನೀರು ಬರುತ್ತಲೇ ಇರುತ್ತದೆ, ದೋಷ ಕಾಣುವುದಿಲ್ಲ. ಪಂಪು ನಿಂತ ಮೇಲೆ ಪೈಪಿನ ನೀರು ಇಳಿದುಹೋಗುತ್ತದೆ. ಮರುದಿನ ಹೂಮಳೆಗೆ ಬದಲಾಗಿ ಕಾಫಿಗೆ ನೀರು ಹಾರಿಸಲು ಸ್ವಿಚ್ಚು ಹಾಕಿದಾಗ ಮೋಟಾರು ಬರಿದೇ ಗುಂಯ್‌ಗುಡುತ್ತದೆ. ಅದಕ್ಕೇ ಬುದ್ಧಿವಂತರು ಹಂಗಾಮಿಗೆ ಮೊದಲು ಫುಟ್‌ವಾಲ್ವ್ ಎತ್ತಿ ನೋಡುತ್ತಾರೆ. ಕಂಪ್ಯೂಟರಿನ ಸೆಲ್ ಕೂಡ ಹಾಗೆಯೇ. ಕರೆಂಟು ಇರುವಾಗ ಅದರ ಸಾವು ಕಾಣುವುದಿಲ್ಲ. ಬೇಕಾದ ದಿನವೇ ಕೈಕೊಡುತ್ತದೆ.

ಪರೀಕ್ಷೆ ಸುಲಭ. ಒಂದು ಸಂಜೆ ಯಂತ್ರವನ್ನು ಆರಿಸಿ, ಪ್ಲಗ್ಗು ತೆಗೆದಿಟ್ಟು, ಬೆಳಗ್ಗೆ ಹಚ್ಚಿ ಬಯಾಸ್ ಪುಟದಲ್ಲಿ ತಾರೀಖು ಸಮಯ ನೋಡಿ. ಹಿಂದೆ ಬಿದ್ದಿದ್ದರೆ ಸೆಲ್ ಮುಗಿದಿದೆ ಎಂದರ್ಥ. ಬಹುಪಾಲು ಮೇಜಿನ ಕಂಪ್ಯೂಟರುಗಳಿಗೆ ಬೇಕಾದದ್ದು ಸಿಆರ್ 2032 ಎಂಬ ಮೂರು ವೋಲ್ಟಿನ ಲಿಥಿಯಂ ಸೆಲ್. ಹೆಸರಿನಲ್ಲಿಯೇ ಅಳತೆ ಇದೆ: 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಗಡಿಯಾರ ರಿಪೇರಿಯ ಅಂಗಡಿಯಲ್ಲೂ ಸಿಗುತ್ತದೆ. ಬದಲಿಸುವಾಗ ಪ್ಲಗ್ಗು ತೆಗೆದು, ಒಳಗೆ ಉಳಿದ ಕರೆಂಟು ಹೋಗಲೆಂದು ಗುಂಡಿಯನ್ನು ಕೆಲವು ಸೆಕೆಂಡು ಒತ್ತಿಹಿಡಿದು, ಮುಚ್ಚಳ ತೆರೆದು, ಕೊಕ್ಕೆಯನ್ನು ಮೆಲ್ಲಗೆ ಸರಿಸಿದರೆ ಸೆಲ್ ಮೇಲೇಳುತ್ತದೆ. ಹಳೆಯದು ಹೇಗೆ ಕುಳಿತಿತ್ತೋ ಹಾಗೆಯೇ, ಕೂಡು ಗುರುತಿನ ಮುಖ ಅದೇ ಕಡೆ ಬರುವಂತೆ, ಹೊಸದನ್ನು ಕೂರಿಸಿ. ನಂತರ ತಾರೀಖು, ಸಮಯ, ಅಲಾರಂ ಮೂರನ್ನೂ ಮತ್ತೆ ತುಂಬಬೇಕು. ಲ್ಯಾಪ್‌ಟಾಪಿನಲ್ಲಿ ಸೆಲ್ ಸುಲಭವಾಗಿ ಕೈಗೆ ಸಿಗುವುದಿಲ್ಲ, ಅದನ್ನು ಬಲ್ಲವರಿಗೆ ಬಿಡಿ. ತೆಗೆದ ಸೆಲ್ಲನ್ನು ಸಣ್ಣ ಮಕ್ಕಳ ಕೈಗೆ ಸಿಗದಂತೆ ಇಡುವುದು ಅತ್ಯಗತ್ಯ. ನುಂಗಿದರೆ ಗಂಟಲು, ಅನ್ನನಾಳವನ್ನು ಸುಡುತ್ತದೆ, ಪ್ರಾಣಾಪಾಯವಿದೆ.

ಸಿಡಿಲಿನ ಕಾಲದ ನಿಯಮ

ಇನ್ನೊಂದು ಪಾಠವನ್ನೂ ಆ ರಾತ್ರಿಯೇ ಕಲಿಸಿತು. ತಾನಾಗಿ ಏಳಬೇಕಾದರೆ ಪ್ಲಗ್ಗು ಗೋಡೆಯಲ್ಲೇ ಇರಬೇಕೆಂದು ಮೇಲೆ ಹೇಳಿದೆ. ಆದರೆ ಮಲೆನಾಡಿನಲ್ಲಿ ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳು, ಮಳೆ ಹಿಂದೆ ಸರಿಯುವ ಅಕ್ಟೋಬರ್, ಇವು ಸಿಡಿಲಿನ ಕಾಲ. ಆಗ ಪ್ಲಗ್ಗು ಗೋಡೆಯಲ್ಲಿರುವುದೇ ಅಪಾಯ. ಅಂದು ಇಂಟರ್ನೆಟ್ ಪೆಟ್ಟಿಗೆ ಮಾತ್ರ ಹೋಯಿತು. ಲೆಕ್ಕವಿದ್ದ ಯಂತ್ರವೇ ಹೋಗಿದ್ದರೆ?

ಈ ಇಕ್ಕಟ್ಟಿಗೆ ನಾವು ಮಾಡಿಕೊಂಡ ನಿಯಮ ಹೀಗಿದೆ. ಸಿಡಿಲಿನ ತಿಂಗಳುಗಳಲ್ಲಿ ಸಂಜೆ ಕಚೇರಿ ಮುಚ್ಚುವಾಗ ಕರೆಂಟಿನ ಪ್ಲಗ್ಗನ್ನೂ ಇಂಟರ್ನೆಟ್ ತಂತಿಯನ್ನೂ ಕಳಚಿಡುವುದು. ಸ್ವಿಚ್ಚು ಆರಿಸಿದರೆ ಸಾಲದು, ಕಳಚಲೇಬೇಕು. ಆ ತಿಂಗಳುಗಳಿಗೆ ಮಾತ್ರ ಬಯಾಸ್‌ನಲ್ಲಿ ಕರೆಂಟು ಬಂದೊಡನೆ ಹತ್ತಲಿ ಎಂಬ ಆಯ್ಕೆ ಇಡುವುದು. ರಾತ್ರಿ ಪ್ಲಗ್ಗೇ ಇಲ್ಲದಿರುವುದರಿಂದ ಯಂತ್ರ ಎದ್ದು ಬಿದ್ದು ಮಾಡುವ ಭಯವೂ ಇಲ್ಲ. ಬೆಳಗ್ಗೆ ಎಂಟಕ್ಕೆ ಗುಡಿಸಲು ಬರುವ ನಮ್ಮ ಅಕ್ಕಯ್ಯ ಪ್ಲಗ್ಗು ಸಿಕ್ಕಿಸಿದರಾಯಿತು, ಗುಂಡಿ ಒತ್ತಬೇಕಿಲ್ಲ, ಯಂತ್ರ ತಾನಾಗಿ ಏಳುತ್ತದೆ. ಒಂಬತ್ತರ ಬಸ್ಸಿಗೆ ಎಲ್ಲವೂ ಸಿದ್ಧ. ಉಳಿದ ತಿಂಗಳುಗಳಲ್ಲಿ ಮೊದಲಿನ ಅಲಾರಂ. ಕೆಲವು ಯಂತ್ರಗಳು ಪ್ಲಗ್ಗು ಕಳಚಿ ಮತ್ತೆ ಹಾಕಿದ ಮೇಲೆ ಒಮ್ಮೆ ಕೈಯಿಂದ ಹಚ್ಚುವವರೆಗೆ ಅಲಾರಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಪದ್ಧತಿ ಬದಲಿಸಿದ ಮೊದಲೆರಡು ದಿನ ಪರೀಕ್ಷಿಸಿ ನೋಡಿ.

ಪ್ಲಗ್ಗು ಕಳಚಿಡುವ ಈ ತಿಂಗಳುಗಳಲ್ಲಿಯೇ ಸೆಲ್ಲಿನ ಮೇಲೆ ಪೂರ್ತಿ ಭಾರ ಬೀಳುತ್ತದೆ. ಆದುದರಿಂದ ಮಾರ್ಚ್ ತಿಂಗಳಲ್ಲಿ, ಪಂಪು ಸ್ಪ್ರಿಂಕ್ಲರುಗಳನ್ನು ನೋಡಿಕೊಳ್ಳುವ ದಿನಗಳಲ್ಲಿಯೇ, ಸೆಲ್ಲನ್ನೂ ಪರೀಕ್ಷಿಸುವ ಪದ್ಧತಿ ಇಟ್ಟುಕೊಂಡಿದ್ದೇವೆ. ನಾವು ಎರಡು ವರ್ಷಕ್ಕೊಮ್ಮೆ, ಮುಗಿದಿರಲಿ ಬಿಡಲಿ, ಬದಲಿಸಿಬಿಡುತ್ತೇವೆ. ಐವತ್ತು ರೂಪಾಯಿಯ ಆಸುಪಾಸಿನ ವಸ್ತುವಿಗೆ ಲೆಕ್ಕ ಹಾಕುತ್ತ ಕೂರಬೇಕಾಗಿಲ್ಲ.

ರಾತ್ರಿಯೂ ಹಚ್ಚಿಯೇ ಇಟ್ಟರೆ?

ಇಷ್ಟೆಲ್ಲ ತಾಪತ್ರಯ ಏಕೆ, ಯಂತ್ರವನ್ನು ಆರಿಸದೆ ಇಟ್ಟರೆ ಆಗದೇ ಎಂದು ನಿರ್ದೇಶಕರೊಬ್ಬರು ಕೇಳಿದರು. ಲೆಕ್ಕ ನೋಡೋಣ. ಸಂಜೆ ಐದೂವರೆಯಿಂದ ಬೆಳಗಿನ ಎಂಟೂಕಾಲಿನವರೆಗೆ ಹದಿನಾಲ್ಕು ಮುಕ್ಕಾಲು ಗಂಟೆ. ಯಂತ್ರ 60 ವ್ಯಾಟ್ ಎಳೆಯುತ್ತದೆಂದು ಹಿಡಿದರೆ ರಾತ್ರಿಗೆ ಒಂದು ಯೂನಿಟ್ಟಿಗೆ ತುಸು ಕಡಿಮೆ, ವರ್ಷಕ್ಕೆ ಸುಮಾರು 323 ಯೂನಿಟ್. ಆರಿಸಿ ಪ್ಲಗ್ಗಿನಲ್ಲಿ ಬಿಟ್ಟಾಗ ಒಂದು ವ್ಯಾಟ್ ಎಂದು ಹಿಡಿದರೂ ಅದೇ ಅವಧಿಗೆ ವರ್ಷಕ್ಕೆ ಐದೂವರೆ ಯೂನಿಟ್ಟನ್ನು ಮೀರುವುದಿಲ್ಲ. ಸಣ್ಣ ಸಂಘಕ್ಕೆ ಈ ವ್ಯತ್ಯಾಸ ಸಣ್ಣದಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಬಳಸದೆ ಇಟ್ಟ ಯಂತ್ರಕ್ಕೆ ಶೀತ ಹಿಡಿಯುವುದು ನಮ್ಮಲ್ಲಿ ಸಾಮಾನ್ಯ. ಮಕ್ಕಳು ಹಾಸ್ಟೆಲಿಗೆ ಹೋದ ಮೇಲೆ ಮನೆಯ ಕಂಪ್ಯೂಟರ್ ಮೂಲೆ ಸೇರಿದವರು, ಸಿಡಿಲಿಲ್ಲದ ದಿನಗಳಲ್ಲಿ ದಿನಕ್ಕೊಂದು ಗಂಟೆ ಅದು ತಾನಾಗಿ ಎದ್ದು ಬಿಸಿಯಾಗಿ ಮಲಗುವಂತೆ ಸಮಯವಿಟ್ಟರೆ ಅದಕ್ಕೂ ಒಳ್ಳೆಯದು.

ಸದಸ್ಯರಲ್ಲಿ ಒಂದು ಕೋರಿಕೆ

ತಾನಾಗಿ ಏಳುವ ಯಂತ್ರ ಒಳ್ಳೆಯ ಆಳು. ಆದರೆ ಅದು ಏಳುವುದು ತನ್ನ ಗಡಿಯಾರ ಹೇಳಿದ ಹೊತ್ತಿಗೆ, ನಮ್ಮ ಗಡಿಯಾರದ ಹೊತ್ತಿಗಲ್ಲ. ಎರಡೂ ಒಂದೇ ಆಗಿರುವಂತೆ ನೋಡಿಕೊಳ್ಳುವ ಕೆಲಸ ಮನುಷ್ಯನದ್ದೇ. ಈಗ ನಮ್ಮ ಕೌಂಟರಿನಲ್ಲಿ ದಿನದ ಮೊದಲ ರಸೀದಿ ಕೊಡುವ ಮುನ್ನ ಗುಮಾಸ್ತೆ ಪರದೆಯ ತಾರೀಖನ್ನು ಗೋಡೆಯ ಕ್ಯಾಲೆಂಡರಿನೊಡನೆ ತಾಳೆ ನೋಡಿ, ದಿನಚರಿ ಪುಸ್ತಕದಲ್ಲಿ ಸಹಿ ಹಾಕುತ್ತಾಳೆ. ಅರ್ಧ ನಿಮಿಷದ ಕೆಲಸ.

ನಮ್ಮ ಕಡೆಯಿಂದ ಇಷ್ಟು. ನಿಮ್ಮ ಕಡೆಯಿಂದ ಒಂದೇ ಕೋರಿಕೆ. ಸಂಘದಲ್ಲಾಗಲಿ, ಬ್ಯಾಂಕಿನಲ್ಲಾಗಲಿ, ಗೊಬ್ಬರದ ಅಂಗಡಿಯಲ್ಲಾಗಲಿ, ರಸೀದಿ ಕೈಗೆ ಬಂದ ಮೇಲೆ ಮೊತ್ತದ ಜೊತೆಗೆ ತಾರೀಖನ್ನೂ ಓದಿ ನಂತರ ಹೊರಡಿ. ಬಸ್ಸಿಗೆ ಹೊತ್ತಾಗಿದ್ದರೂ ಓದಿ. ಆ ಹಿರಿಯರು ಈಗಲೂ ಪ್ರತಿಸಲ ಬಾಗಿಲ ಬೆಳಕಿಗೆ ಹೋಗಿ ಕನ್ನಡಕ ಏರಿಸಿ ಓದುತ್ತಾರೆ. ಓದಿ ಮುಗಿಸಿ, "ಇವತ್ತಿನದೇ ಇದೆ ಸೆಕ್ರೆಟ್ರಿಗಳೇ" ಎಂದು ನನ್ನ ಕಡೆ ನೋಡಿ ಹೇಳಿಯೇ ಹೋಗುತ್ತಾರೆ.

ಮನೆಯ ಯಂತ್ರಕ್ಕೆ ಈ ಏರ್ಪಾಡು ಮಾಡಿಕೊಳ್ಳಬಯಸುವ ಸದಸ್ಯರು ಯಾವುದೇ ಶನಿವಾರ ಮಧ್ಯಾಹ್ನದ ಮೇಲೆ ಕಚೇರಿಗೆ ಬಂದರೆ ನಾನಾಗಲಿ ಗುಮಾಸ್ತೆಯಾಗಲಿ ತೋರಿಸಿಕೊಡುತ್ತೇವೆ.

— ಕಾರ್ಯದರ್ಶಿ